ಹಿಗ್ಗು

ಮೇ ತಿಂಗಳ ಹನ್ನೊಂದು ಗಂಟೆಗೆ
ಹಾರವಾಡದ ಆಚೆಯ ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತು
ಹಳಿಯ ಪಕ್ಕೆಗೆ ತಾಪಮಾಪಕ ಅಂಟಿಸುತ್ತೇನೆ.
ಎಮ್ಮೆಗೆ ಉಣುಗು ಕಚ್ಚಿದ ಹಾಗೆ ಕಚ್ಚಿಕೊಳ್ಳುತ್ತದೆ.
ಐವತ್ತೆಂಟು.
ಬರೆಯುವಷ್ಟರಲ್ಲಿ ಮೂಗಿನ ತುದಿಯ ಹನಿ ಬಿದ್ದು
ಎಂಟು ಕಲಸಿಹೋಗುತ್ತದೆ. ಮತ್ತೆ ಬರೆಯುತ್ತೇನೆ.

ಕಬ್ಬಿಣಕ್ಕೆ ಹಿಗ್ಗು ಬಂದರೆ ನಮಗೆ ಜೀವ ಹೋಗುತ್ತದೆ
ಎನ್ನುತ್ತಿದ್ದ ಪುರ್ಸು ಗುನಗ,
ಲೋಂಡಾ ಕಡೆ ದುಡಿದು ಬಂದು ನನಗೆ ಈ ಕೆಲಸ ಕಲಿಸಿದವ.
ಅಲ್ಲಿ ಹಳಿಗೂ ಹಳಿಗೂ ನಡುವೆ ಬೆರಳು ತೂರುವ ಸಂದು ಇತ್ತಂತೆ,
ಹಿಗ್ಗುವುದನ್ನು ಅಷ್ಟರೊಳಗೇ ಹಿಗ್ಗಿಕೊಳ್ಳುತ್ತಿತ್ತು.
ಇಲ್ಲಿ ಎಲ್ಲ ಬೆಸೆದಿದ್ದಾರೆ, ಮೈಲುಗಟ್ಟಲೆ ಒಂದೇ ಕಬ್ಬಿಣ.
ಹಿಗ್ಗು ಎಲ್ಲಿಗೆ ಹೋಗಬೇಕು?
ಒಳಗೇ ಒತ್ತಿಕೊಂಡು ಒತ್ತಿಕೊಂಡು
ಒಂದು ಮಧ್ಯಾಹ್ನ ಪಕ್ಕಕ್ಕೆ ಹೊಟ್ಟೆ ಬಿಡುತ್ತದೆ,
ಹೆಬ್ಬಾವು ಮಗ್ಗುಲು ಬದಲಿಸಿದ ಹಾಗೆ.
ಅದನ್ನು ರೈಲಿಗಿಂತ ಮೊದಲು ನೋಡುವುದಕ್ಕೆ
ನನಗೆ ಸಂಬಳ.

ರೇಡಿಯೋದಲ್ಲಿ ನಮಗೆ ಮೂವತ್ತೈದು, ಕಲಬುರಗಿಗೆ ನಲವತ್ತಮೂರು.
ಅಲ್ಲಿಂದ ಬಂದ ಶರಣಬಸು ಮೊದಲ ವಾರ ನಕ್ಕ,
ಇದೂ ಒಂದು ಬಿಸಿಲೇನ್ರಿ ಅಂತ.
ಎರಡನೇ ವಾರ ಬನಿಯನ್ ಹಿಂಡುತ್ತ ಹೇಳಿದ:
"ನಮ್ಮ ಕಡಿ ಬಿಸಲು ಹೊಡೀತದ್ರಿ,
ಇಲ್ಲಿ ತಬ್ಕೊಂಡು ಕುಂದರ್ತದ."

ಹೌದು, ಇಲ್ಲಿ ಬೆವರಿಗೂ ಸಂದಿಲ್ಲ.
ಗಾಳಿ ಕಡಲು ಕುಡಿದೇ ಹೊಟ್ಟೆ ತುಂಬಿಸಿಕೊಂಡಿದೆ,
ನಮ್ಮದನ್ನು ಮುಟ್ಟುವುದಿಲ್ಲ.
ಕಿತ್ತಳೆ ಜಾಕೀಟಿನೊಳಗೆ ಹುಟ್ಟಿ ಅಲ್ಲೇ ಬೇಯುತ್ತದೆ.
ಬೆನ್ನ ತುಂಬ ಬೆವರುಸಾಲೆ. ರಾತ್ರಿ ಗಂಧ ತೇಯ್ದು ಹಚ್ಚುವವಳು
ಸಾಸಿವೆ ಬಿತ್ತಿದ ಗದ್ದೆಯ ಹಾಗಿದೆ ಅನ್ನುತ್ತಾಳೆ.

ಪುರ್ಸು ಹೇಳಿದ್ದು:
ಗಂಜಿ ಉಂಡೇ ಹೊರಡು, ಉಪ್ಪಿನಕಾಯಿ ರಸ ಬಿಡಬೇಡ.
ಬಾಯಾರುವ ಮೊದಲೇ ಕುಡಿ;
ಬಾಯಾರಿದ ಮೇಲೆ ಕುಡಿದದ್ದು ಬಡ್ಡಿಗೇ ಸರಿಹೋಗುತ್ತದೆ.
ಟೋಪಿಯೊಳಗೆ ಬಾಳೆಲೆಯ ತುಂಡಿರಲಿ.
ಬೆವರು ನಿಂತು ಚಳಿ ಹತ್ತಿದ ಹಾಗಾದರೆ
ಹಾಯೆನಿಸಿತೆಂದು ನಡೆಯಬೇಡ. ಕೂತುಬಿಡು. ಕೂಗು.

ಅವನೇ ಒಂದು ದಿನ ಕೂಗಲಿಲ್ಲ.
ಸಂಜೆ ನಾಲ್ಕಕ್ಕೆ ಎತ್ತಿ ತಂದರು. ಬದುಕಿದ.
ಈಗ ಅಂಕೋಲೆಯಲ್ಲಿ ತಂಗಿಯ ಮನೆ ಜಗಲಿಯಲ್ಲಿ,
ಮಾತು ನಡುನಡುವೆ ಹಳಿ ತಪ್ಪುತ್ತದೆ,
ಟೋಪಿ ಮಾತ್ರ ತಲೆಯಿಂದ ಇಳಿಸುವುದಿಲ್ಲ.

ಒಂದೂವರೆಗೆ ಸುರಂಗದ ಬಾಯಿ.
ಗುಡ್ಡದ ಹೊಟ್ಟೆಯಿಂದ ತಣ್ಣನೆ ಉಸಿರು, ಬಾವಲಿ, ಗ್ರೀಸು, ಹಸಿಕಲ್ಲಿನ ವಾಸನೆ.
ನನಗಿಂತ ಮೊದಲೇ ಬಂದವರಿದ್ದರು:
ಎರಡು ನಾಯಿ;
ಅವು ನೋಡಿಯೂ ನೋಡದ ಒಂದು ಕೇರೆ ಹಾವು;
ಗೋಡೆಯಲ್ಲಿ ಕೊರೆದ ಗೂಡಿನೊಳಗೆ
ಬೆಳಚಿನ ಖಾಲಿ ಬುಟ್ಟಿ ಮಗ್ಗುಲಿಗಿಟ್ಟು ಕಾಲು ಚಾಚಿದ ಪುತಳಿಬಾಯಿ.

ಗೂಡು ಇಲಾಖೆಯದು.
ಹಳಿಯ ಮೇಲೆ ಬಂದವರನ್ನು ಎಬ್ಬಿಸಿ ಕಳಿಸಬೇಕು,
ಬೋರ್ಡು ಮೂರು ಭಾಷೆಯಲ್ಲಿ ಹೇಳುತ್ತದೆ.
ಅವಳು ಯಾವ ಭಾಷೆಯಲ್ಲೂ ಏಳುವ ಹಾಗಿರಲಿಲ್ಲ.
ಮುಖ ಕೆಂಪು, ಹಣೆ ಒಣ ಒಣ.
"ಚಳಿ ಆಗ್ತದಲ್ಲೋ ತಮಾ" ಅಂದಳು.

ಗೂಡ್ಸಿಗೆ ಇನ್ನೂ ನಲವತ್ತು ನಿಮಿಷ.
ಬಾಟಲಿಯ ನೀರು ಅವಳ ಕುತ್ತಿಗೆಗೆ, ಕಂಕುಳಿಗೆ.
ಕೆಂಪು ಬಾವುಟ ತೋಯಿಸಿ ನೆತ್ತಿಗೆ ಹಾಕಿದೆ,
ಹಸಿರು ಬಾವುಟದಲ್ಲಿ ಗಾಳಿ ಬೀಸಿದೆ.
ನಾಯಿಗಳು ಎದ್ದು ಜಾಗ ಬಿಟ್ಟವು.
ಎಷ್ಟೋ ಹೊತ್ತಿನ ಮೇಲೆ
ಅವಳ ಮೇಲ್ದುಟಿಯ ಮೇಲೆ ಒಂದು ಹನಿ ಕೂತಿತು, ಸಾಬೂದಾಣಿಯಷ್ಟು.
"ಬೆವರು ಬಂತು!"
ಹೆರಿಗೆ ಕೋಣೆಯಿಂದ ಹೊರಗೆ ಓಡಿ ಬಂದವನ ಹಾಗೆ ಕೂಗಿದೆ.
ಸುರಂಗ ಅದನ್ನೇ ನಾಲ್ಕು ಸಲ ಹೇಳಿತು.

"ನಿನ್ನ ಬಾವುಟ ನನ್ನ ತಲೆ ಮೇಲಿದ್ರೆ
ರೈಲು ಹೆಂಗೆ ನಿಲ್ಲಿಸ್ತೆ?" ಅಂದಳು.

ಗೂಡ್ಸು ಬಂದಾಗ
ಅವಳನ್ನು ಗೂಡಿನಲ್ಲಿ ನನ್ನ ಬೆನ್ನಿಗೆ ಮರೆಮಾಡಿ,
ಕೆಂಪು ಕಾಣದ ಹಾಗೆ ಮೈ ಅಗಲಿಸಿ
ಹಸಿರು ಚಾಚಿ ನಿಂತೆ.

ಮೂರಕ್ಕೆ ಮತ್ತೆ ತಿರುವಿನಲ್ಲಿ.
ಅರವತ್ತೊಂದು.
ಷರಾ ಕಾಲಮ್ಮಿನಲ್ಲಿ ಬರೆದದ್ದು: ಎಲ್ಲ ಸರಿ ಇದೆ.